ಸೇಬು ಮತ್ತು ಫರ್: ಹಣ್ಣಿನ ಲೆಕ್ಕ, ಪೆಟ್ಟಿಗೆಯ ಲೆಕ್ಕ

ಹಿಮಾಚಲ ಪ್ರದೇಶದ ಶಿಮ್ಲಾ ಜಿಲ್ಲೆಯ ಬೆಟ್ಟಗಳಲ್ಲಿ ಸೇಬಿನ ತೋಟಗಳೂ, ಅವುಗಳ ಮೇಲ್ಭಾಗದಲ್ಲಿ ಫರ್ ಮರಗಳ ಕಾಡುಗಳೂ ಇವೆ. ಸೇಬು ವಸಂತದಲ್ಲಿ ಹೂ ತಳೆದು ಹಣ್ಣು ಕೊಡುವ ಮರ. ಫರ್ ಹೂ ಬಿಡದೆ ಶಂಕುಗಳಲ್ಲಿ ಬೀಜ ಕಟ್ಟುವ, ಸೂಜಿ ಎಲೆಯ ನಿತ್ಯಹಸುರಿನ ಮರ. ಬಹುಕಾಲದವರೆಗೆ ವ್ಯಾಪಾರವು ಈ ಎರಡನ್ನೂ ಒಂದುಗೂಡಿಸಿತ್ತು: ಹಣ್ಣು ಸೇಬಿನದು, ಅದನ್ನು ಹೊರುವ ಪೆಟ್ಟಿಗೆ ಫರ್‌ನದು.

ಎರಡು ಮರ, ಎರಡು ಕಾಲಮಾನ

ಸೇಬಿಗೆ ಚಳಿಗಾಲದ ಶೀತ ಬೇಕು. ಪರಾಗಸ್ಪರ್ಶಕ್ಕೆ ಜೇನ್ನೊಣ ಬೇಕು. ಹೂ ಬಿಟ್ಟಾಗ ಆಲಿಕಲ್ಲು ಬಿದ್ದರೆ ಆ ವರ್ಷದ ಆದಾಯವೇ ಕೈತಪ್ಪುತ್ತದೆ. ಆದರೂ ನೆಟ್ಟ ಕೆಲವೇ ವರ್ಷಗಳಲ್ಲಿ ಬಂಡವಾಳ ಮರಳತೊಡಗುತ್ತದೆ. ಫರ್‌ಗೆ ಈ ಆರೈಕೆಯಾವುದೂ ಬೇಡ. ಅದರ ಪರಾಗವನ್ನು ಗಾಳಿಯೇ ಒಯ್ಯುತ್ತದೆ. ಆದರೆ ಅದು ಕಡಿಯಲು ಯೋಗ್ಯವಾಗಿ ಬೆಳೆಯಲು 100 ವರ್ಷಗಳಿಗೂ ಮಿಗಿಲಾದ ಅವಧಿ ಹಿಡಿಯುತ್ತದೆ.

ಅಮೆರಿಕದಿಂದ ಬಂದು ಕೋಟಗಢದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ ಅವರು 1916ರ ವೇಳೆಗೆ ಅಮೆರಿಕದ ಸೇಬಿನ ಸಸಿಗಳನ್ನು ತರಿಸಿ ನೆಟ್ಟರು. ಮುಂದೆ ಈ ಬೆಳೆ ವಿಸ್ತರಿಸಿದಂತೆ ಪೆಟ್ಟಿಗೆಗಳ ಬೇಡಿಕೆಯೂ ಏರಿತು. ಹಗುರವೂ ಮೃದುವೂ ಆದ ಫರ್ ಮತ್ತು ಸ್ಪ್ರೂಸ್ ಹಲಗೆಗಳು ಈ ಕೆಲಸಕ್ಕೆ ತಕ್ಕವಾಗಿದ್ದವು. ವರ್ಷಕ್ಕೊಮ್ಮೆ ಬರುವ ಫಸಲಿಗಾಗಿ ಶತಮಾನದ ಮರ ಉರುಳತೊಡಗಿತು. ಒಮ್ಮೆ ಬಳಸಿ ಬಿಡುವ ಪೆಟ್ಟಿಗೆಗೆ ಇಷ್ಟು ದುಬಾರಿ ಬೆಲೆ ತೆರುವುದು ಬಹುಕಾಲ ಸಾಧ್ಯವಿರಲಿಲ್ಲ.

ಹಲಗೆಯಿಂದ ರಟ್ಟಿಗೆ

1980ರ ದಶಕದಲ್ಲಿ ರಾಜ್ಯವು ರಟ್ಟಿನ ಪೆಟ್ಟಿಗೆಯತ್ತ ಹೊರಳಿತು. ಭಾರತದಲ್ಲಿ ಇದಕ್ಕೆ ಬೇಕಾದ ಕ್ರಾಫ್ಟ್ ಕಾಗದವು ಬಹುಮಟ್ಟಿಗೆ ರದ್ದಿಯಿಂದಲೇ ತಯಾರಾಗುವುದರಿಂದ ಕಾಡಿನ ಮೇಲಿನ ಹೊರೆ ಇಳಿಯಿತು. ಆದರೆ ಹೊಸದೊಂದು ತೊಡಕು ಹುಟ್ಟಿತು. ಎತ್ತರವನ್ನು ಹಿಗ್ಗಿಸಬಹುದಾದ ಟೆಲಿಸ್ಕೋಪಿಕ್ ಕಾರ್ಟನ್‌ನಲ್ಲಿ ಹೆಚ್ಚು ಹಣ್ಣು ತುಂಬಿದರೂ ಬೆಲೆ ಪೆಟ್ಟಿಗೆಯ ಲೆಕ್ಕದಲ್ಲೇ ನಿಗದಿಯಾಗಿ ಬೆಳೆಗಾರನಿಗೆ ನಷ್ಟವಾಗುತ್ತಿತ್ತು. ಹಿಮಾಚಲ ಸರ್ಕಾರವು 2023ರಲ್ಲಿ ಕಿಲೋ ಲೆಕ್ಕದ ಮಾರಾಟವನ್ನೂ, 2024ರ ಹಂಗಾಮಿನಿಂದ ಸುಮಾರು 20 ಕಿಲೋ ಹಿಡಿಯುವ ಯೂನಿವರ್ಸಲ್ ಕಾರ್ಟನ್ ಅನ್ನೂ ಕಡ್ಡಾಯಗೊಳಿಸಿತು.

ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಈ ಎರಡು ಮರಗಳ ವೃತ್ತಾಂತದಲ್ಲಿ ಪಾಠವಿದೆ. ಪೆಟ್ಟಿಗೆಯ ಅಳತೆ ನಿಶ್ಚಿತವಾಗಿರದಿದ್ದರೆ ದರವೂ ನಿಶ್ಚಿತವಲ್ಲ. ಸರಕು ವರ್ಷಕ್ಕೊಮ್ಮೆ ಕೈಸೇರುವುದಾದರೆ, ಅದನ್ನು ಕಟ್ಟುವ ವಸ್ತುವೂ ಅಷ್ಟೇ ಬೇಗ ಮರಳಿ ದೊರೆಯುವಂತಿರಬೇಕು. ಇಲ್ಲವಾದರೆ ಲಾಭವೆಂದು ಬರೆದುಕೊಂಡದ್ದು ವಾಸ್ತವದಲ್ಲಿ ಮೂಲಧನದ ಕರಗುವಿಕೆಯೇ ಆಗಿರುತ್ತದೆ.