ಸೋತವರಿಗೂ ನಾಳೆ ಆಟವುಂಟು

ಕಾರವಾರದವರಿಗೆ ಮಂಜುಗಡ್ಡೆ ಹೊಸದಲ್ಲ. ಬೈತಖೋಲ ಬಂದರಿನಲ್ಲಿ ದೋಣಿಗಳಿಗೆ ತುಂಬುವ ಮಂಜುಗಡ್ಡೆಯನ್ನೂ, ಅದರ ಪುಡಿಯಲ್ಲಿ ಹುದುಗಿ ಪೇಟೆಗೆ ಹೊರಡುವ ಬಂಗಡೆಯನ್ನೂ ನೀವು ನೋಡಿಯೇ ಇದ್ದೀರಿ. ಆದರೆ ಅದೇ ಮಂಜುಗಡ್ಡೆಯನ್ನು ಅಂಗಳವಾಗಿ ಹಾಸಿ, ಅದರ ಮೇಲೆ ಕಾಲೇಜಿನ ಹೆಣ್ಣುಮಕ್ಕಳು ಹಾಕಿ ಆಡುತ್ತಾರೆಂದರೆ ನಿಮಗೆ ತುಸು ಅಚ್ಚರಿಯಾದೀತು. ಅಮೇರಿಕೆಯ ಉತ್ತರ ಭಾಗದಲ್ಲಿ, ಕೆರೆಗಳೆಲ್ಲ ಹೆಪ್ಪುಗಟ್ಟುವ ಸೀಮೆಯಲ್ಲಿ, ಇದು ಪ್ರತಿ ಚಳಿಗಾಲದ ನೋಟ.

ಸಮುದ್ರದಂಡೆಯ ನಮಗೆ ಇದರಿಂದ ಏನಾಗಬೇಕು ಎಂದು ನೀವು ಕೇಳಬಹುದು. ನಮ್ಮಲ್ಲಿ ಆ ಆಟ ನಡೆಯಲಾರದು, ನಿಜ. ಆದರೆ ಅಲ್ಲಿ ಒಂದು ವರ್ಷದ ಪಂದ್ಯಗಳನ್ನು ಏರ್ಪಡಿಸುವ ಕ್ರಮವುಂಟಲ್ಲ, ಅದನ್ನು ನಾವು ತಿಳಿದುಕೊಳ್ಳುವುದು ಒಳ್ಳೆಯದು. ಕಾಲೇಜು ಸೇರಿದ ಹುಡುಗಿಗೆ ಆಡಲು ಎಷ್ಟು ಅವಕಾಶ ಸಿಗುತ್ತದೆ ಎಂಬುದು ಆ ಕ್ರಮವನ್ನು ಹೊಂದಿಕೊಂಡಿದೆ.

ಮೊದಲು ಆಟದ ವಿಷಯ. ಅಂಗಳದ ಉದ್ದ 200 ಅಡಿ, ಅಗಲ 85 ಅಡಿ. ಸುತ್ತಲೂ ಹಲಗೆಯ ಗೋಡೆ. ಪ್ರತಿ ಪಕ್ಷದಲ್ಲಿ ಗೋಲು ಕಾಯುವವಳು ಸೇರಿ ಆರು ಮಂದಿ. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಅದರ ಅಡ್ಡಳತೆ 3 ಇಂಚು, ದಪ್ಪ 1 ಇಂಚು. ಕಾಲಿಗೆ ಉಕ್ಕಿನ ಅಲಗು ಕಟ್ಟಿದ ಪಾದರಕ್ಷೆ, ಮುಖಕ್ಕೆ ತಂತಿಯ ಜಾಲರಿ. 20 ನಿಮಿಷಗಳ ಮೂರು ಅವಧಿ ಆಟ. ಓಟದ ವೇಗಕ್ಕೆ ಯಾರೂ ಬಹಳ ಹೊತ್ತು ಅಂಗಳದಲ್ಲಿ ನಿಲ್ಲಲಾರರು. ಒಂದು ನಿಮಿಷ ಕಳೆಯುವುದರೊಳಗೆ ಹೊಸಬರು ಇಳಿಯುತ್ತಾರೆ, ದಣಿದವರು ಬೆಂಚಿಗೆ ಬರುತ್ತಾರೆ. ಇದಕ್ಕಾಗಿ ಆಟ ನಿಲ್ಲುವುದಿಲ್ಲ.

ಅಲ್ಲಿಯ ಕಾಲೇಜುಗಳು ಪ್ರದೇಶಕ್ಕೆ ಒಂದೊಂದರಂತೆ ಕೂಟ ಕಟ್ಟಿಕೊಂಡಿವೆ. ಇದಕ್ಕೆ ಅವರು ಕಾನ್ಫರೆನ್ಸ್ ಎನ್ನುತ್ತಾರೆ. ಇವುಗಳಲ್ಲಿ ಹೆಸರಾದದ್ದು ವೆಸ್ಟರ್ನ್ ಕಾಲೇಜಿಯೇಟ್ ಹಾಕಿ ಅಸೋಸಿಯೇಶನ್. ಇದರ ಮಹಿಳಾ ಪಂದ್ಯಗಳು 1999-2000ರ ಸಾಲಿನಲ್ಲಿ ಏಳು ತಂಡಗಳೊಡನೆ ಮೊದಲಾದವು. 2024-25ರಲ್ಲಿ ಎಂಟು ತಂಡಗಳಿದ್ದವು: ವಿಸ್ಕಾನ್ಸಿನ್, ಒಹಾಯೊ ಸ್ಟೇಟ್, ಮಿನೆಸೋಟ, ಮಿನೆಸೋಟ ಡುಲುತ್, ಮಿನೆಸೋಟ ಸ್ಟೇಟ್, ಸೇಂಟ್ ಕ್ಲೌಡ್ ಸ್ಟೇಟ್, ಬೆಮಿಜಿ ಸ್ಟೇಟ್ ಮತ್ತು ಸೇಂಟ್ ಥಾಮಸ್.

ಈಗ ಲೆಕ್ಕ ನೋಡಿ. ಪ್ರತಿಯೊಂದು ತಂಡವೂ ಉಳಿದ ಏಳು ತಂಡಗಳನ್ನು ತಲಾ ನಾಲ್ಕು ಸಲ ಎದುರಿಸುತ್ತದೆ: ಎರಡು ಸಲ ತನ್ನ ಊರಿನಲ್ಲಿ, ಎರಡು ಸಲ ಅವರ ಊರಿನಲ್ಲಿ. ಅಂದರೆ ಒಂದು ತಂಡಕ್ಕೆ 28 ಪಂದ್ಯಗಳು, ಕೂಟಕ್ಕೆಲ್ಲ ಸೇರಿ 112. ಒಂದು ಊರಿಗೆ ಹೋದವರು ಸಾಮಾನ್ಯವಾಗಿ ವಾರದ ಕೊನೆಯಲ್ಲಿ ಎರಡು ದಿನ ಒಂದೇ ಎದುರಾಳಿಯೊಡನೆ ಆಡಿ ಬರುತ್ತಾರೆ. ಶುಕ್ರವಾರ ಸೋತವರು ಶನಿವಾರ ಅದೇ ಅಂಗಳದಲ್ಲಿ ಸೇಡು ತೀರಿಸಿಕೊಳ್ಳಬಹುದು. 60 ನಿಮಿಷಗಳೊಳಗೆ ಗೆದ್ದರೆ 3 ಅಂಕ. ಸಮನಾಗಿ, ಹೆಚ್ಚಿನ ಅವಧಿಯಲ್ಲಿ ಗೆದ್ದರೆ 2. ಹಾಗೆ ಸೋತವರಿಗೂ 1. ಕೊನೆಯವರೆಗೆ ಹೋರಾಡಿದವರು ಬರಿಗೈಯಲ್ಲಿ ಮನೆಗೆ ಹೋಗುವುದಿಲ್ಲ.

ಸಪ್ಟೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ಈ ಸುತ್ತು ನಡೆಯುತ್ತದೆ. ಆಮೇಲೆ ಕೂಟದ ಪ್ರಶಸ್ತಿಗಾಗಿ ಮೊದಲನೆಯ ತಂಡ ಎಂಟನೆಯದರೊಡನೆ, ಎರಡನೆಯದು ಏಳನೆಯದರೊಡನೆ, ಹೀಗೆ ಸೆಣಸುತ್ತವೆ. ಇಲ್ಲಿಯೂ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದವರೇ ಮುಂದಿನವರು. ಕೂಟಗಳಲ್ಲಿ ಗೆದ್ದವರೂ, ಒಳ್ಳೆಯ ಆಟ ತೋರಿದ ಇನ್ನು ಕೆಲವರೂ ಸೇರಿ ಒಟ್ಟು 11 ತಂಡಗಳು ಮಾರ್ಚಿಯಲ್ಲಿ ದೇಶದ ಪ್ರಶಸ್ತಿಗಾಗಿ ಆಡುತ್ತವೆ. ಸೋತೊಡನೆ ಹೊರಬೀಳುವ ಕಠಿಣ ನಿಯಮ ಬರುವುದು ಹೀಗೆ ಕಟ್ಟಕಡೆಗೆ.

ಇದರ ಫಲವನ್ನು 2025ರ ಮಾರ್ಚಿ 23ರಂದು ಮಿನಿಯಾಪೊಲಿಸ್ ನಗರದಲ್ಲಿ ಕಾಣಬಹುದಾಗಿತ್ತು. ಅಂತಿಮ ಪಂದ್ಯದಲ್ಲಿ ವಿಸ್ಕಾನ್ಸಿನ್ ಮತ್ತು ಒಹಾಯೊ ಸ್ಟೇಟ್ ಎದುರುಬದುರಾದವು. ಎರಡೂ ಒಂದೇ ಕೂಟದವು. ಆ ಸಾಲಿನ ಸುತ್ತಿನಲ್ಲಿ ನಾಲ್ಕು ಸಲ ಒಬ್ಬರನ್ನೊಬ್ಬರು ಅಳೆದು ನೋಡಿದವರು. ಹಿಂದಿನ ವರ್ಷದ ಅಂತಿಮ ಪಂದ್ಯದಲ್ಲಿ ಇದೇ ಒಹಾಯೊ ತಂಡಕ್ಕೆ ವಿಸ್ಕಾನ್ಸಿನ್ ಒಂದು ಗೋಲಿನಿಂದ ಸೋತಿತ್ತು. ಈ ಸಲವೂ ಕೊನೆಯ ನಿಮಿಷದಲ್ಲಿ 3-2ರಿಂದ ಹಿಂದೆಯೇ ಇತ್ತು. 20 ಸೆಕೆಂಡು ಕೂಡ ಉಳಿದಿಲ್ಲದಾಗ ದೊರೆತ ದಂಡದ ಹೊಡೆತವನ್ನು ಕರ್ಸ್ಟನ್ ಸಿಮ್ಸ್ ಎಂಬ ಆಟಗಾರ್ತಿ ಗೋಲಾಗಿಸಿದಳು. ಹೆಚ್ಚಿನ ಅವಧಿಯಲ್ಲಿ ಗೆಲುವಿನ ಗೋಲನ್ನೂ ಅವಳೇ ಹೊಡೆದಳು. 4-3. ಹಿಂದಿನ ವರ್ಷ ಸೋತು ಕಣ್ಣೀರಿಟ್ಟ ತಂಡ ದೇಶದ ಪ್ರಶಸ್ತಿಯನ್ನು ಎಂಟನೆಯ ಸಲ ಎತ್ತಿಕೊಂಡಿತು. ಅಂಥ ಗಳಿಗೆಯಲ್ಲಿ ಕೈ ನಡುಗದಿರಬೇಕಾದರೆ ಎಷ್ಟು ಪಂದ್ಯಗಳ ಅಭ್ಯಾಸ ಬೇಕೆಂಬುದನ್ನು ನೀವೇ ಊಹಿಸಿಕೊಳ್ಳಿ.

ಈ ಏರ್ಪಾಡು ತಾನಾಗಿ ಬಂದದ್ದಲ್ಲ. ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂದು ಅಮೇರಿಕೆಯಲ್ಲಿ 1972ರಲ್ಲಿ ಕಾನೂನಾಯಿತು. ಅದರ ಆಸರೆಯಿಂದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ತಂಡಗಳು ಬೆಳೆದವು. ಮಹಿಳೆಯರ ಐಸ್ ಹಾಕಿಗೆ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 2001ರಲ್ಲಿ. ಹಾಗೆಂದು ಅಲ್ಲಿ ಎಲ್ಲವೂ ಸುಗಮವೆಂದು ತಿಳಿಯಬೇಡಿ. ಇದೇ ಕೂಟದಲ್ಲಿದ್ದ ನಾರ್ತ್ ಡಕೋಟ ವಿಶ್ವವಿದ್ಯಾನಿಲಯ ಖರ್ಚು ಕಡಿತದ ನೆವದಿಂದ 2017ರಲ್ಲಿ ತನ್ನ ಮಹಿಳಾ ತಂಡವನ್ನೇ ಮುಚ್ಚಿಬಿಟ್ಟಿತು.

ನಮ್ಮ ದೇಶದಲ್ಲಿಯೂ ಐಸ್ ಹಾಕಿ ಆಡುವ ಹೆಣ್ಣುಮಕ್ಕಳಿದ್ದಾರೆ. ಹೆಚ್ಚಿನವರು ಲಡಾಖಿನವರು. ಚಳಿಗಾಲದ ಕೆಲವು ವಾರ ಕೆರೆ ಹೆಪ್ಪುಗಟ್ಟಿದಾಗ ಆಡಿ ಕಲಿತವರು. 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3ರಿಂದ ಸೋಲಿಸಿ ಭಾರತ ತನ್ನ ಮೊದಲನೆಯ ಅಂತರರಾಷ್ಟ್ರೀಯ ಜಯ ಪಡೆಯಿತು; 2025ರ ಏಷ್ಯಾ ಕಪ್ಪಿನಲ್ಲಿ ಕಂಚಿನ ಪದಕ ಗಳಿಸಿತು. ಹುಲ್ಲಿನ ಮೇಲಿನ ಹಾಕಿಯಲ್ಲಂತೂ ನಮ್ಮ ರಾಜ್ಯಕ್ಕೆ ಹಳೆಯ ಕೀರ್ತಿಯುಂಟು. 1960ರಿಂದ 67ರ ವರೆಗೆ ಎಲ್ವೆರಾ, ರೀಟಾ, ಮೇ ಎಂಬ ಬ್ರಿಟ್ಟೊ ಸೋದರಿಯರು ಮೈಸೂರು ರಾಜ್ಯದ ಪರವಾಗಿ ಆಡಿ ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದರು. ಎಲ್ವೆರಾ ಅವರಿಗೆ 1965ರ ಅರ್ಜುನ ಪ್ರಶಸ್ತಿ ದೊರೆಯಿತು.

ಇನ್ನು ನಮ್ಮ ಊರಿಗೆ ಬರೋಣ. ಕಾರವಾರದ ಸರಕಾರಿ ಕಾಲೇಜು, ಅಂಕೋಲೆಯಲ್ಲಿ 1966ರಲ್ಲಿ ಸ್ಥಾಪನೆಯಾದ ಗೋಖಲೆ ಸೆಂಟೆನರಿ ಕಾಲೇಜು, ಇವೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಕಬಡ್ಡಿಯಾಗಲಿ ವಾಲಿಬಾಲಾಗಲಿ, ಕಾಲೇಜಿನ ಹುಡುಗಿ ಮೊದಲು ಅಂತರ ಕಾಲೇಜು ಪಂದ್ಯಗಳಲ್ಲಿ ಆಡಬೇಕು. ಅಲ್ಲಿ ಆಯ್ಕೆಯಾದವರು ವಿಶ್ವವಿದ್ಯಾಲಯದ ತಂಡದಲ್ಲಿ ವಲಯದ ಪಂದ್ಯಗಳಿಗೆ ಹೋಗುತ್ತಾರೆ. ದೇಶದಲ್ಲಿ ಇಂಥ ನಾಲ್ಕು ವಲಯಗಳುಂಟು. ನಮ್ಮದು ದಕ್ಷಿಣ ವಲಯ. ಅಲ್ಲಿ ಮೇಲೆ ಬಂದ ತಂಡಗಳಿಗೆ ಅಖಿಲ ಭಾರತ ಪಂದ್ಯಾಟ.

ಮೆಟ್ಟಿಲುಗಳು ಸರಿಯಾಗಿಯೇ ಇವೆ. ಕಷ್ಟವಿರುವುದು ಮೊದಲ ಮೆಟ್ಟಿಲಿನಲ್ಲಿ. ಸಾಮಾನ್ಯವಾಗಿ ಈ ಪಂದ್ಯಗಳು ಸೋತವರು ಹೊರಬೀಳುವ ಕ್ರಮದವು. 16 ತಂಡಗಳು ಸೇರಿದರೆ ಎಂಟು ತಂಡಗಳು ಒಂದೊಂದೇ ಆಟವಾಡಿ ಮರಳುತ್ತವೆ. ಮಳೆಗಾಲ ಮುಗಿದ ಮೇಲೆ ಸಂಜೆ ಸಂಜೆ ಬೆವರು ಸುರಿಸಿದ ಹುಡುಗಿ, ಬೆಳಗಿನ ಬಸ್ಸಿಗೆ ಘಟ್ಟ ಹತ್ತಿ, ಅರ್ಧ ಗಂಟೆ ಆಡಿ, ರಾತ್ರಿಯ ಬಸ್ಸಿಗೆ ಇಳಿದುಬರುತ್ತಾಳೆ. ಅವಳ ವರ್ಷ ಅಲ್ಲಿಗೆ ಮುಗಿಯಿತು. ಮೂರು ವರ್ಷದ ಪದವಿಯಲ್ಲಿ ಪ್ರತಿ ವರ್ಷವೂ ಮೊದಲ ಸುತ್ತಿನಲ್ಲೇ ಸೋತರೆ ಅವಳಿಗೆ ಸಿಕ್ಕಿದ್ದು ಮೂರೇ ಪಂದ್ಯ. ಅಂದು ಜ್ವರವಿತ್ತೇ, ಎದುರಾಳಿಗಳು ತೀರ ಬಲಿಷ್ಠರೇ, ಯಾರೂ ಕೇಳುವುದಿಲ್ಲ. ಆಮೇಲೆ ಮದುವೆಯೋ ನೌಕರಿಯೋ. ಆಟದ ಉಡುಪು ಟ್ರಂಕಿನ ತಳಕ್ಕೆ ಹೋಗುತ್ತದೆ.

ಇದಕ್ಕೆ ಪರಿಹಾರ ದೂರವಿಲ್ಲ. ಅಮೇರಿಕೆಯ ಆ ಕೂಟದಲ್ಲಿ ಕೆಲವು ತಂಡಗಳು ಎದುರಾಳಿಯ ಊರಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ಪಯಣಿಸಬೇಕು. ನಮ್ಮಲ್ಲಿ ಕಾರವಾರದಿಂದ ಅಂಕೋಲೆಗೆ ಸುಮಾರು 35 ಕಿಲೋಮೀಟರು. ಮುಂದೆ ಕುಮಟೆ, ಅದರಾಚೆ ಹೊನ್ನಾವರ. ಎಲ್ಲವೂ ಒಂದೇ ಹೆದ್ದಾರಿಯ ಮೇಲಿನ ಊರುಗಳು, ಎಲ್ಲ ಕಡೆಯೂ ಕಾಲೇಜುಗಳಿವೆ. ನಾಲ್ಕು ಊರುಗಳ ಒಂದೊಂದು ತಂಡ ತಮ್ಮತಮ್ಮಲ್ಲಿ ಎರಡೆರಡು ಸಲ ಆಡಿದರೆ, ಯಾರು ಗೆಲ್ಲಲಿ ಸೋಲಲಿ, ಪ್ರತಿ ತಂಡಕ್ಕೂ ಆರು ಪಂದ್ಯಗಳು ಖಂಡಿತ. ಮೂರು ತಮ್ಮ ಊರಿನಲ್ಲಿ, ಮೂರು ಹೊರಗೆ. ಬೆಳಿಗ್ಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಮಗಳನ್ನು ಹೊರಗೆ ರಾತ್ರಿ ಉಳಿಸಲು ಒಪ್ಪದ ಮನೆಗಳ ಚಿಂತೆಯೂ ಇದರಿಂದ ಕಡಿಮೆಯಾದೀತು.

ಆಡಿಸುವುದು ಕಾಲೇಜಿನವರ ಕೆಲಸವಾದರೂ ನೋಡುವುದು ನಮ್ಮ ಕೆಲಸ. ಕಾರವಾರದ ಮಾಲಾದೇವಿ ಮೈದಾನದಲ್ಲೋ ಅಂಕೋಲೆಯ ಜೈಹಿಂದ್ ಮೈದಾನದಲ್ಲೋ ಹೆಣ್ಣುಮಕ್ಕಳ ಪಂದ್ಯವಿದೆಯೆಂದು ಕೇಳಿದರೆ, ಆ ಸಂಜೆ ರೇಡಿಯೋವನ್ನು ತುಸು ಹೊತ್ತು ನಿಲ್ಲಿಸಿ, ಮನೆಯ ಹೆಂಗಸರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡಿರಿ. ನಿಮ್ಮ ಮಗಳೇ ಆಡುವವಳಾಗಿದ್ದು ಸೋತು ಮನೆಗೆ ಬಂದರೆ, ಗೆದ್ದೆಯಾ ಎಂದು ಕೇಳುವ ಮೊದಲು, ಮುಂದಿನ ಆಟ ಯಾವಾಗ ಎಂದು ಕೇಳಿರಿ.