ಕವಳದ ತಟ್ಟೆಯಲ್ಲಿ ರಸಾಯನಶಾಸ್ತ್ರ

ರಸಾಯನಶಾಸ್ತ್ರವೆಂದೊಡನೆ ಗಾಜಿನ ನಳಿಗೆ, ಘಾಟು ವಾಸನೆ, ಬಾಯಿಪಾಠವಾಗದ ಸೂತ್ರಗಳು – ಇಷ್ಟೇ ನಮ್ಮ ಕಲಾ ವಿಭಾಗದ ಮಿತ್ರರ ಕಣ್ಣಮುಂದೆ ನಿಲ್ಲುತ್ತವೆ. ನಾನೂ ಹಾಗೆಯೇ ಭಾವಿಸಿದ್ದೆ. ಆ ಭಾವನೆಯನ್ನು ಬಿಡಿಸಿದವರು ಆನವಟ್ಟಿಯ ಸಮೀಪದ ನಮ್ಮ ಹಳ್ಳಿಯ ಮನೆಯಲ್ಲಿ, ಜಗುಲಿಯ ಮೇಲೆ ಕವಳದ ತಟ್ಟೆಯೊಡನೆ ಕೂರುತ್ತಿದ್ದ ನನ್ನ ಅಜ್ಜ. ಒಂದು ರಜೆಯಲ್ಲಿ ಅವರು ಕೇಳಿದರು: “ತಮ್ಮಾ, ಎಲೆ ಹಸಿರು, ಸುಣ್ಣ ಬಿಳಿ. ಬಾಯಿ ಮಾತ್ರ ಕೆಂಪಾಗೋದು ಹ್ಯಾಗೋ?” ನನಗೆ ಉತ್ತರ ತಿಳಿಯಲಿಲ್ಲ. ಅನಂತರ ಓದಿ ತಿಳಿದದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಸುಣ್ಣವನ್ನು ನೋಡೋಣ. ಸುಣ್ಣದ ಕಲ್ಲನ್ನಾಗಲಿ, ಕರಾವಳಿಯ ಕಪ್ಪೆಚಿಪ್ಪನ್ನಾಗಲಿ ಗೂಡಿನಲ್ಲಿ ಚೆನ್ನಾಗಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲವಾಯು ಹೊರಟುಹೋಗುತ್ತದೆ. ಶುದ್ಧವಾದ 100 ಸೇರು ಕಲ್ಲಿನಿಂದ 56 ಸೇರು ಸುಟ್ಟ ಸುಣ್ಣ ಉಳಿಯುತ್ತದೆ. ಮಿಕ್ಕ 44 ಸೇರು ಗಾಳಿಯ ಪಾಲು. ಇದಕ್ಕೆ ನೀರು ಹಾಕಿದಾಗ ಬುಸುಗುಟ್ಟಿ ಕಾದು ಅರಳುವುದನ್ನು ಎಲ್ಲರೂ ಕಂಡಿದ್ದೇವೆ. ಈ ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಗಾಳಿಯಿಂದ ಇಂಗಾಲಾಮ್ಲವಾಯುವನ್ನು ಮರಳಿ ಹೀರಿ ಪುನಃ ಕಲ್ಲಾಗುತ್ತದೆ. ಗೋಡೆಗೆ ಬಳಿಯುವುದೂ ಎಲೆಗೆ ಸವರುವುದೂ ಒಂದೇ ವಸ್ತು. ಅದು ತೀಕ್ಷ್ಣವಾದ ಕ್ಷಾರ.

ಕ್ಷಾರವು ಬಣ್ಣವನ್ನು ಬದಲಿಸಬಲ್ಲುದೆಂಬುದಕ್ಕೆ ಮದುವೆಮನೆಯ ಆರತಿಯೇ ಸಾಕ್ಷಿ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಓಕುಳಿ ಕೆಂಪಾಗುತ್ತದೆ. ಅದಕ್ಕೇ ನಿಂಬೆರಸವನ್ನು ಹಿಂಡಿರಿ. ಹುಳಿಯಿಂದ ಕ್ಷಾರವು ಅಡಗಿ ಮತ್ತೆ ಹಳದಿಯಾಗುತ್ತದೆ.

ಕವಳದ ಕೆಂಪು ಬೇರೆ ಬಗೆಯದು. ಅಡಿಕೆಯ ಒಗರಿಗೆ ಕಾರಣ ಟ್ಯಾನಿನ್ ಎಂಬ ವರ್ಗದ ವಸ್ತುಗಳು. ಅಡಿಕೆ ಬೇಯಿಸುವ ಹಂಡೆಯಲ್ಲಿ ಚೊಗರಾಗಿ ಉಳಿಯುವುದೂ ಇವೇ. ಸುಣ್ಣದ ಕ್ಷಾರ ಸೋಕಿದಾಗ ಇವು ಗಾಳಿಯ ಆಮ್ಲಜನಕದೊಡನೆ ಬೇಗ ಕೂಡಿ ಕೆಂಪು ಬಣ್ಣ ತಾಳುತ್ತವೆ. ಅಡಿಕೆಯ ಚೂರನ್ನು ನೀರಿನಲ್ಲಿ ನೆನೆಸಿ ಸುಣ್ಣ ಬೆರೆಸಿದರೆ ಈ ಕೆಂಪನ್ನು ಬಟ್ಟಲಲ್ಲೇ ಕಾಣಬಹುದು. ಅಜ್ಜನ ಪ್ರಶ್ನೆಗೆ ಉತ್ತರ ಇದು.

ಆದರೆ ಓದು ಅಲ್ಲಿಗೇ ನಿಲ್ಲಲಿಲ್ಲ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಇನ್ನೊಂದು ವಸ್ತುವಿದೆ. ಕವಳ ಹಾಕಿದವರಿಗೆ ಮೈ ಬಿಸಿಯಾಗಿ ಬೆವರೊಡೆದು ಉಲ್ಲಾಸವಾಗುವುದು ಮುಖ್ಯವಾಗಿ ಅದರಿಂದಲೇ. ಸುಣ್ಣವು ಅದನ್ನು ಬಿಡಿಸಿ, ಬಾಯಿಯ ಒಳಪೊರೆಯ ಮೂಲಕ ರಕ್ತಕ್ಕೆ ಸೇರಲು ದಾರಿ ಮಾಡಿಕೊಡುತ್ತದೆ. ಅದರಲ್ಲಿ ಒಂದಂಶವನ್ನು ಅರೆಕೈಡಿನ್ ಆಗಿಯೂ ಮಾರ್ಪಡಿಸುತ್ತದೆ. ಇವೆರಡೂ ಒಳಗೆನ್ನೆಯಲ್ಲಿ ಗಟ್ಟಿಯಾದ ನಾರು ಬೆಳೆಯಲು ಪ್ರಚೋದನೆ ಕೊಡುತ್ತವೆ. ಅಡಿಕೆಯ ತಾಮ್ರದ ಅಂಶವು ಆ ನಾರನ್ನು ಇನ್ನಷ್ಟು ಬಿಗಿಯುತ್ತದೆ. ಬಾಯಿ ಬಿಗಿಯುವ ಈ ರೋಗವನ್ನು ಮುಂಬಯಿಯಲ್ಲಿ ಎಸ್. ಜಿ. ಜೋಶಿಯವರು 1953ರಲ್ಲಿ ವರ್ಣಿಸಿದರು. ಹೊಗೆಸೊಪ್ಪು ಸೇರದಿದ್ದರೆ ಭಯವಿಲ್ಲವೆಂದು ನಮ್ಮಲ್ಲಿ ಅನೇಕರ ನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥವು ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ಹೇಳಿದೆ.

ಇದನ್ನು ಓದಿದಾಗ ನನ್ನ ಕೈ ತಣ್ಣಗಾಯಿತು. ಅಜ್ಜನಿಗೆ ಖಾರ ತಗುಲಿದರೆ ಬಾಯಿ ಉರಿಯುತ್ತಿತ್ತು. ದೊಡ್ಡ ತುತ್ತು ಇಡುವಷ್ಟು ಬಾಯಿ ತೆರೆಯುತ್ತಿರಲಿಲ್ಲ. ನಾವು ಅದನ್ನು ವಯಸ್ಸಿನ ದೋಷವೆಂದೇ ತಿಳಿದಿದ್ದೆವು. ವೈದ್ಯರಲ್ಲಿಗೆ ಕರೆದೊಯ್ದಾಗ ಅವರೂ ಅದೇ ರೋಗದ ಹೆಸರನ್ನು ಹೇಳಿದರು. ಅಜ್ಜ ಕವಳ ಬಿಟ್ಟರು. ರೋಗವು ಮುಂದುವರಿಯಲಿಲ್ಲ, ಆದರೆ ಬಿಗಿದ ಬಾಯಿ ಪೂರ್ತಿ ಸಡಿಲವಾಗಲೂ ಇಲ್ಲ.

ಅಡಿಕೆಯ ವಿಷಯದಲ್ಲಿ ಹೀಗೆ ಬರೆಯುವುದು ನನಗೆ ಸುಲಭವಲ್ಲ. ನಮ್ಮ ಮನೆಯ ಅನ್ನವೂ ನನ್ನ ಕಾಲೇಜಿನ ಶುಲ್ಕವೂ ಆ ತೋಟದಿಂದಲೇ ಬಂದಿವೆ. ನನ್ನ ಸಹಪಾಠಿಗಳಲ್ಲಿ ಹಲವರದೂ ಇದೇ ಸ್ಥಿತಿ. ಬೆಲೆ, ಬೆಳೆ, ಬದುಕುಗಳ ಪ್ರಶ್ನೆಯನ್ನು ಒಂದು ಲೇಖನವು ಬಿಡಿಸಲಾರದು. ಆದರೂ ಬಾಯಿ ಉರಿಯುವ, ತೆರೆಯಲು ಕಷ್ಟಪಡುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮತ್ತು ನಮ್ಮ ವಯಸ್ಸಿನವರು ಆ ಅಭ್ಯಾಸವನ್ನು ಆರಂಭಿಸದಿರೋಣ. ಬಾಯಿ ಏಕೆ ಕೆಂಪಾಗುತ್ತದೆಂದು ಮೊದಲು ಕೇಳಿದವರು ಅಜ್ಜ. ಆ ಪ್ರಶ್ನೆಯನ್ನು ನಾವು ಇಪ್ಪತ್ತು ವರ್ಷ ಮೊದಲೇ ಕೇಳಿದ್ದರೆ ಚೆನ್ನಾಗಿತ್ತು.