ಕರೆದು ಆಡಿಸೋ ಟೂರ್ನಿ: ಮೆರ್ಡೆಕಾ ಕಪ್‌ನಲ್ಲಿ ಯಾರಿಗೆ ಲಾಭ, ಯಾರಿಗೆ ನಷ್ಟ?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಸೌಂಡ್ ಇಡೋಕಾಗದೆ ಇಲ್ಲಿ ಓದ್ತಿರೋರಿಗೂ ಸ್ವಾಗತ. ಇವತ್ತಿನ ಎಪಿಸೋಡ್ ಫುಟ್‌ಬಾಲ್ ಬಗ್ಗೆ. ಆದರೆ ಗೋಲು, ಪಾಸ್, ಫಾರ್ಮೇಶನ್ ಬಗ್ಗೆ ಅಲ್ಲ. ನಾನು ಓದಿದ್ದು ಬಿಕಾಂ. ಹಾಗಾಗಿ ಲೆಕ್ಕದ ಪುಸ್ತಕ ತೆಗೆಯದೆ ನನಗೆ ಸಮಾಧಾನ ಇಲ್ಲ.

ಮೊದಲು ಒಂದು ಘಟನೆ. ಅಕ್ಟೋಬರ್ 2023ರಲ್ಲಿ ಭಾರತದ ತಂಡ ಮೆರ್ಡೆಕಾ ಟೂರ್ನಿ ಆಡೋಕೆ ಮಲೇಷ್ಯಾದ ಕ್ವಾಲಾಲಂಪುರಕ್ಕೆ ಹೋಯಿತು. ಒಟ್ಟು ನಾಲ್ಕು ತಂಡಗಳು: ಮಲೇಷ್ಯಾ, ಭಾರತ, ಪ್ಯಾಲೆಸ್ತೀನ್, ತಜಿಕಿಸ್ತಾನ. ಪ್ರತಿ ತಂಡಕ್ಕೂ ಎರಡು ಪಂದ್ಯ ಅಂತ ಪ್ಲಾನ್. ಅಷ್ಟರಲ್ಲಿ ಗಾಜಾ ಯುದ್ಧ ಶುರುವಾಗಿ ಪ್ಯಾಲೆಸ್ತೀನ್ ತಂಡಕ್ಕೆ ಬರೋಕಾಗಲಿಲ್ಲ. ತಜಿಕಿಸ್ತಾನ ಆಡದೇ ಫೈನಲ್ ತಲುಪಿತು. ಭಾರತ ಸೆಮಿಫೈನಲ್‌ನಲ್ಲಿ ಮಲೇಷ್ಯಾ ಎದುರು 4-2ರಿಂದ ಸೋತಿತು. ಮೂರನೇ ಸ್ಥಾನಕ್ಕೆ ಆಡೋಣ ಅಂದ್ರೆ ಎದುರಾಳಿಯೇ ಇಲ್ಲ. ಅಷ್ಟು ದೂರದ ಪ್ರಯಾಣ, ಒಂದೇ ಒಂದು ಪಂದ್ಯ, ವಾಪಸ್.

ಹಾಗಾದರೆ ಇಂಥ ಟೂರ್ನಿಗೆ ಹೋಗೋದೇ ದಂಡವಾ? ಇದೇ ಇವತ್ತಿನ ಪ್ರಶ್ನೆ.

ಆಹ್ವಾನಿತ ಟೂರ್ನಿ ಅಂದ್ರೆ ಏನು?

ವಿಶ್ವಕಪ್‌ಗೋ ಏಷ್ಯನ್ ಕಪ್‌ಗೋ ಹೋಗಬೇಕಾದರೆ ಅರ್ಹತಾ ಪಂದ್ಯ ಗೆಲ್ಲಬೇಕು. ಆಹ್ವಾನಿತ ಟೂರ್ನಿ ಹಾಗಲ್ಲ. ಒಂದು ದೇಶದ ಫುಟ್‌ಬಾಲ್ ಸಂಸ್ಥೆ ಇನ್ನೊಂದು ದೇಶದ ಸಂಸ್ಥೆಗೆ ಪತ್ರ ಬರೆಯುತ್ತೆ, ‘ಬನ್ನಿ, ಆಡೋಣ’ ಅಂತ. ಬರೋದು ಬಿಡೋದು ಅವರಿಷ್ಟ. ಮದುವೆ ಕರೆಯೋಲೆ ಇದ್ದ ಹಾಗೆ: ಯಾರನ್ನು ಕರೀಬೇಕು ಅನ್ನೋದು ಮನೆಯವರ ನಿರ್ಧಾರ, ಹೋಗಬೇಕಾ ಬೇಡವಾ ಅನ್ನೋದು ನೆಂಟರ ನಿರ್ಧಾರ.

ಮೆರ್ಡೆಕಾ ಏಷ್ಯಾದ ಅತಿ ಹಳೆಯ ಆಹ್ವಾನಿತ ಟೂರ್ನಿಗಳಲ್ಲಿ ಒಂದು. ಮಲಯ ದೇಶಕ್ಕೆ ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕಿದ್ದು 31 ಆಗಸ್ಟ್ 1957ರಂದು. ಆ ಸಂಭ್ರಮಕ್ಕಾಗಿಯೇ ಅದೇ ವರ್ಷ ಈ ಟೂರ್ನಿ ಶುರುವಾಯಿತು. ಮೊದಲ ಸಲ ಗೆದ್ದಿದ್ದು ಹಾಂಗ್‌ಕಾಂಗ್. ಮಲಯ್ ಭಾಷೆಯಲ್ಲಿ ‘ಮೆರ್ಡೆಕಾ’ ಅಂದ್ರೆ ಸ್ವಾತಂತ್ರ್ಯ. ಆ ಪದದ ಮೂಲ ಸಂಸ್ಕೃತದ ‘ಮಹರ್ದ್ಧಿಕ’. ಋದ್ಧಿ ಅಂದ್ರೆ ಸಮೃದ್ಧಿ ಅಂತ ನಾವು ಕನ್ನಡದಲ್ಲೂ ಕೇಳಿದ್ದೀವಲ್ಲ, ಅದೇ ಋದ್ಧಿ ಇದರಲ್ಲೂ ಇದೆ.

ಇದರ ಹಿಂದಿದ್ದ ದೊಡ್ಡ ವ್ಯಕ್ತಿ ಟುಂಕು ಅಬ್ದುಲ್ ರಹಮಾನ್, ಆ ದೇಶದ ಮೊದಲ ಪ್ರಧಾನಿ. ಅಷ್ಟೇ ಅಲ್ಲ, 1958ರಿಂದ 1977ರವರೆಗೆ ಏಷ್ಯನ್ ಫುಟ್‌ಬಾಲ್ ಒಕ್ಕೂಟಕ್ಕೂ ಅವರೇ ಅಧ್ಯಕ್ಷರು. ಹೊಸದಾಗಿ ಸ್ವತಂತ್ರವಾದ ಒಂದು ಪುಟ್ಟ ದೇಶ ಅಕ್ಕಪಕ್ಕದ ದೇಶಗಳನ್ನು ಕರೆದು ‘ನಾವೂ ಇದ್ದೀವಿ’ ಅಂತ ತೋರಿಸೋಕೆ ಇದಕ್ಕಿಂತ ಅಗ್ಗದ, ಜನ ಮೆಚ್ಚೋ ದಾರಿ ಇನ್ನೊಂದಿರಲಿಲ್ಲ.

ಆ ಕಾಲದಲ್ಲಿ ಇದು ಯಾಕೆ ದೊಡ್ಡದು?

ಏಷ್ಯನ್ ಕಪ್ ಮೊದಲ ಸಲ ನಡೆದದ್ದು 1956ರಲ್ಲಿ, ಅದರಲ್ಲೂ ಬರೀ ನಾಲ್ಕು ತಂಡ. ಅದು ನಾಲ್ಕು ವರ್ಷಕ್ಕೊಮ್ಮೆ. ಏಷ್ಯನ್ ಗೇಮ್ಸ್ ಕೂಡ ನಾಲ್ಕು ವರ್ಷಕ್ಕೊಮ್ಮೆ. ಮಧ್ಯದಲ್ಲಿ ಒಂದು ದೇಶದ ತಂಡ ಇನ್ನೊಂದು ದೇಶದ ತಂಡವನ್ನು ಎದುರಿಸಬೇಕು ಅಂದ್ರೆ ಮೆರ್ಡೆಕಾದಂಥ ಟೂರ್ನಿಯೇ ಗತಿ. ಅದು ಪ್ರತಿ ವರ್ಷ ನಡೀತಿತ್ತು.

ಭಾರತ 1959ರಲ್ಲಿ ಇಲ್ಲಿ ರನ್ನರ್ ಅಪ್. 1964ರಲ್ಲಿ ಮತ್ತೆ ರನ್ನರ್ ಅಪ್, ಆ ಸಲ ಗೆದ್ದಿದ್ದು ಬರ್ಮಾ, ಅಂದ್ರೆ ಇವತ್ತಿನ ಮ್ಯಾನ್ಮಾರ್. ಇದೇ ಅವಧಿಯಲ್ಲಿ ನಮ್ಮ ತಂಡ 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು ಸೋಲಿಸಿ ಚಿನ್ನ ಗೆದ್ದಿತು. 1964ರ ಏಷ್ಯನ್ ಕಪ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. ಮೆರ್ಡೆಕಾ ಆಡಿದ್ದಕ್ಕೇ ಚಿನ್ನ ಬಂತು ಅಂತ ನಾನು ಹೇಳ್ತಿಲ್ಲ. ಆದರೆ ಕೊರಿಯಾ, ಬರ್ಮಾ ಥರದ ತಂಡಗಳ ಜೊತೆ ಪದೇ ಪದೇ ಆಡಿದವರಿಗೆ ಅವರ ಹೆಸರು ಕೇಳಿದ್ರೆ ಹೆದರಿಕೆ ಇರಲ್ಲ. ಅದು ಯಾವ ಬ್ಯಾಲೆನ್ಸ್ ಶೀಟಲ್ಲೂ ಕಾಣದ ಆಸ್ತಿ.

ಆಮೇಲೆ ಕಾಲ ಬದಲಾಯಿತು. ಅರ್ಹತಾ ಪಂದ್ಯಗಳು ಜಾಸ್ತಿಯಾದವು. ಜಪಾನ್‌ನಲ್ಲಿ 1993ರಲ್ಲಿ ಜೆ ಲೀಗ್ ಬಂತು, ಬೇರೆ ಕಡೆಯೂ ಕ್ಲಬ್‌ಗಳು ವೃತ್ತಿಪರವಾದವು. ಸಂಬಳ ಕೊಡೋ ಕ್ಲಬ್ ತನ್ನ ಆಟಗಾರನನ್ನು ಸುಮ್ಮನೆ ಕಳಿಸುತ್ತಾ? ಇಲ್ಲ. ಮೆರ್ಡೆಕಾ ನಿಧಾನಕ್ಕೆ ಕಳೆಗುಂದಿತು. ವರ್ಷಾ ವರ್ಷ ನಡೀತಿದ್ದದ್ದು ಬಿಟ್ಟು ಬಿಟ್ಟು ನಡೆಯೋ ಹಾಗಾಯಿತು. 2013ರ ನಂತರ ಅಂತೂ ಹತ್ತು ವರ್ಷ ಸದ್ದೇ ಇಲ್ಲ. ಮತ್ತೆ ಶುರುವಾಗಿದ್ದೇ 2023ರಲ್ಲಿ.

ನಾಲ್ಕೇ ತಂಡ ಯಾಕೆ?

ಇಲ್ಲೊಂದು ಸಿಂಪಲ್ ಲೆಕ್ಕ ಇದೆ. ಫಿಫಾ ವರ್ಷದಲ್ಲಿ ಕೆಲವು ದಿನಗಳನ್ನು ‘ಅಂತಾರಾಷ್ಟ್ರೀಯ ವಿಂಡೋ’ ಅಂತ ಗುರುತಿಸುತ್ತೆ. ಆ ದಿನಗಳಲ್ಲಿ ದೇಶ ಕರೆದರೆ ಕ್ಲಬ್ ಆಟಗಾರನನ್ನು ಬಿಡಲೇಬೇಕು. ಅದರ ಹೊರಗೆ ಬಿಡಬೇಕು ಅಂತ ನಿಯಮ ಇಲ್ಲ. 2023ರಲ್ಲಿ ಈ ವಿಂಡೋ ಸುಮಾರು ಒಂಬತ್ತು ದಿನದ್ದು, ಅದರೊಳಗೆ ಒಂದು ತಂಡ ಎರಡು ಪಂದ್ಯ ಆಡಬಹುದಿತ್ತು.

ನಾಲ್ಕು ತಂಡ ಇದ್ದರೆ? ಮೊದಲು ಎರಡು ಸೆಮಿಫೈನಲ್. ಆಮೇಲೆ ಗೆದ್ದವರಿಗೆ ಫೈನಲ್, ಸೋತವರಿಗೆ ಮೂರನೇ ಸ್ಥಾನದ ಪಂದ್ಯ. ಎಲ್ಲರಿಗೂ ಸರಿಯಾಗಿ ಎರಡೆರಡು. ಥಾಯ್ಲೆಂಡ್ 1968ರಲ್ಲಿ ಶುರು ಮಾಡಿದ ಕಿಂಗ್ಸ್ ಕಪ್ ಕೂಡ ಈಗ ಇದೇ ಅಚ್ಚಿನಲ್ಲಿ ನಡೆಯುತ್ತೆ. ಈ ಅಚ್ಚಿನ ತೊಂದರೆ ಏನಂದ್ರೆ, ಒಬ್ಬ ನೆಂಟ ಕೈಕೊಟ್ಟರೆ ಅರ್ಧ ಊಟವೇ ಕ್ಯಾನ್ಸಲ್. ಅಕ್ಟೋಬರ್ 2023ರಲ್ಲಿ ಭಾರತಕ್ಕೆ ಆಗಿದ್ದು ಅದೇ.

2026ರಿಂದ ಫಿಫಾ ಸೆಪ್ಟೆಂಬರ್ ಮತ್ತು ಅಕ್ಟೋಬರ್ ವಿಂಡೋಗಳನ್ನು ಸೇರಿಸಿ 16 ದಿನದ ಒಂದೇ ವಿಂಡೋ ಮಾಡಿದೆ, ಅದರಲ್ಲಿ ನಾಲ್ಕು ಪಂದ್ಯ ಆಡಬಹುದು. ಇಂಥ ಟೂರ್ನಿ ನಡೆಸೋರಿಗೆ ಇದು ಒಳ್ಳೆ ಸುದ್ದಿ.

ಈಗ ಅಸಲಿ ಲೆಕ್ಕ: ರ‍್ಯಾಂಕಿಂಗ್

‘ಫ್ರೆಂಡ್ಲಿ ಪಂದ್ಯ ಅಲ್ವಾ, ಸೋತರೆ ಏನಂತೆ’ ಅನ್ನೋರು ಇದನ್ನು ಗಮನ ಇಟ್ಟು ಓದಿ. 2018ರಿಂದ ಫಿಫಾ ರ‍್ಯಾಂಕಿಂಗ್ ಬ್ಯಾಂಕ್ ಪಾಸ್‌ಬುಕ್ ಥರ ಕೆಲಸ ಮಾಡುತ್ತೆ. ಪ್ರತಿ ಪಂದ್ಯಕ್ಕೂ ಒಂದು ಎಂಟ್ರಿ. ಸಾಮಾನ್ಯವಾಗಿ ಒಬ್ಬರಿಗೆ ಜಮಾ ಆದಷ್ಟೇ ಇನ್ನೊಬ್ಬರಿಗೆ ಖರ್ಚು.

ಪ್ರತಿ ಪಂದ್ಯಕ್ಕೂ ಒಂದು ತೂಕ ಇದೆ. ವಿಂಡೋ ಹೊರಗಿನ ಫ್ರೆಂಡ್ಲಿಗೆ 5. ವಿಂಡೋ ಒಳಗಿನ ಫ್ರೆಂಡ್ಲಿಗೆ 10. ವಿಶ್ವಕಪ್, ಏಷ್ಯನ್ ಕಪ್ ಅರ್ಹತಾ ಪಂದ್ಯಕ್ಕೆ 25. ಆಹ್ವಾನಿತ ಟೂರ್ನಿಗೆ ಟ್ರೋಫಿ ಇದ್ದರೂ, ಫಿಫಾ ಕಣ್ಣಲ್ಲಿ ಅದು ಫ್ರೆಂಡ್ಲಿಯೇ.

ಒಂದು ಉದಾಹರಣೆ ತಗೊಳ್ಳೋಣ. ನಮ್ಮ ಹತ್ತಿರ 1100 ಪಾಯಿಂಟ್, ಎದುರಾಳಿ ಹತ್ತಿರ 1300. ಫಿಫಾ ಸೂತ್ರದ ಪ್ರಕಾರ ಇಲ್ಲಿ ನಮ್ಮಿಂದ ನಿರೀಕ್ಷೆ ಸುಮಾರು 0.32. ಗೆಲುವಿಗೆ 1, ಡ್ರಾಗೆ 0.5, ಸೋಲಿಗೆ 0. ಬಂದ ಫಲಿತಾಂಶದಿಂದ ನಿರೀಕ್ಷೆ ಕಳೆದು, ಪಂದ್ಯದ ತೂಕದಿಂದ ಗುಣಿಸಬೇಕು. ತೂಕ 10 ಅಂತಿಟ್ಟುಕೊಂಡರೆ, ಗೆದ್ದರೆ ನಮಗೆ ಸುಮಾರು 6.8 ಪಾಯಿಂಟ್ ಜಮಾ. ಡ್ರಾ ಆದರೂ 1.8 ಜಮಾ. ಸೋತರೆ 3.2 ಖರ್ಚು.

ಈಗ ಉಲ್ಟಾ ಮಾಡಿ. ಎದುರಾಳಿ ಹತ್ತಿರ 900 ಮಾತ್ರ ಇದೆ. ಗೆದ್ದರೆ ನಮಗೆ ಬರೀ 3.2. ಡ್ರಾ ಆದರೆ 1.8 ಕೈಯಿಂದ ಹೋಗುತ್ತೆ. ಸೋತರೆ 6.8 ಹೋಗುತ್ತೆ. ಅಂದ್ರೆ ದುರ್ಬಲರನ್ನು ಕರೆದು ಗೆದ್ದು ರ‍್ಯಾಂಕಿಂಗ್ ಏರಿಸ್ತೀವಿ ಅನ್ನೋದು ಅಂಥ ಲಾಭದ ವ್ಯಾಪಾರ ಅಲ್ಲ.

ಇನ್ನೊಂದು ಮಜಾ ಇದೆ. ಪಂದ್ಯ ಪೆನಾಲ್ಟಿ ಶೂಟೌಟ್‌ಗೆ ಹೋದರೆ ಗೆದ್ದವರಿಗೆ 0.75, ಸೋತವರಿಗೆ 0.5. ಸೆಪ್ಟೆಂಬರ್ 2023ರ ಕಿಂಗ್ಸ್ ಕಪ್‌ನಲ್ಲಿ ಭಾರತ ತನಗಿಂತ ಬಲಿಷ್ಠವಾದ ಇರಾಕ್ ಜೊತೆ 2-2 ಡ್ರಾ ಮಾಡಿ ಶೂಟೌಟ್‌ನಲ್ಲಿ ಸೋತಿತು. ಪೇಪರಲ್ಲಿ ‘ಭಾರತಕ್ಕೆ ಸೋಲು’. ಆದರೆ ಈ ಸೂತ್ರ ಹಾಕಿ ನೋಡಿ: ನಿರೀಕ್ಷೆ 0.5ಕ್ಕಿಂತ ಕಡಿಮೆ ಇದ್ದವರಿಗೆ 0.5 ಸಿಕ್ಕರೆ ಅದು ಜಮಾನೇ.

ಇದೆಲ್ಲ ಬರೀ ನಂಬರ್ ಆಟ ಅಲ್ಲ. ಮುಂದಿನ ಅರ್ಹತಾ ಸುತ್ತಿನ ಡ್ರಾ ಮಾಡುವಾಗ ತಂಡಗಳನ್ನು ಪಾಟ್‌ಗಳಾಗಿ ವಿಂಗಡಿಸೋದು ಈ ರ‍್ಯಾಂಕಿಂಗ್ ನೋಡಿಯೇ. ಕೆಳಗಿನ ಪಾಟ್‌ಗೆ ಬಿದ್ದರೆ ಕಷ್ಟದ ಗುಂಪು ಗ್ಯಾರಂಟಿ. ಜುಲೈ 2023ರಲ್ಲಿ ಭಾರತ 99ನೇ ಸ್ಥಾನದಲ್ಲಿತ್ತು. ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಸ್ಯಾಫ್ ಕಪ್ ಗೆದ್ದ ಹೊಸತು ಅದು. ಆ ಟೂರ್ನಿಗೆ ದಕ್ಷಿಣ ಏಷ್ಯಾದ ಹೊರಗಿನ ಕುವೈತ್, ಲೆಬನಾನ್‌ಗಳನ್ನು ಅತಿಥಿಗಳಾಗಿ ಕರೆದಿದ್ದರು, ಇಬ್ಬರನ್ನೂ ನಾವು ಶೂಟೌಟ್‌ನಲ್ಲಿ ಸೋಲಿಸಿದೆವು. ಎರಡೇ ವರ್ಷ, ಜುಲೈ 2025ಕ್ಕೆ 133.

ಹಾಗಾದರೆ ಮನೇಲೇ ಕೂರೋದು ವಾಸಿಯಾ?

ಪಂದ್ಯ ಆಡದಿದ್ದರೆ ಪಾಯಿಂಟ್ ಕಳೆದುಹೋಗಲ್ಲ. ಹಾಗಾಗಿ ‘ಆಡದೇ ಇರೋಣ, ರ‍್ಯಾಂಕ್ ಉಳಿಯುತ್ತೆ’ ಅನ್ನೋ ಆಸೆ ಯಾವ ಸಂಸ್ಥೆಗಾದರೂ ಬರಬಹುದು. ಅದು ದುಡ್ಡನ್ನು ದಿಂಬಿನ ಕೆಳಗೆ ಇಟ್ಟು ಮಲಗಿದ ಹಾಗೆ. ಅಕ್ಕಪಕ್ಕದವರು ಆಡಿ, ಗೆದ್ದು, ಮೇಲೆ ಹೋಗ್ತಿರ್ತಾರೆ.

2025ರ ಉದಾಹರಣೆ ನೋಡಿ. ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಿಂದ ಮಲೇಷ್ಯಾ ಹಿಂದೆ ಸರಿದಾಗ ಆ ಜಾಗಕ್ಕೆ ಭಾರತವನ್ನು ಕರೆದರು. ಟೂರ್ನಿ ಆಗಸ್ಟ್ 29ಕ್ಕೇ ಶುರು, ವಿಂಡೋ ತೆರೆಯೋದಕ್ಕೂ ಮೊದಲು. ಹಾಗಾಗಿ ಆಟಗಾರರನ್ನು ಬಿಡೋ ಬಗ್ಗೆ ಕ್ಲಬ್ ಜೊತೆ ತಕರಾರು ಆಯಿತು. ಹೊಸ ಕೋಚ್ ಖಾಲಿದ್ ಜಮೀಲ್ ಸಿಕ್ಕವರನ್ನೇ ಕರ್ಕೊಂಡು ಹೋದರು. ತಜಿಕಿಸ್ತಾನವನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿದರು. ಇರಾನ್ ಎದುರು 0-3 ಸೋಲು, ಅಫ್ಘಾನಿಸ್ತಾನ ಜೊತೆ ಡ್ರಾ. ಕೊನೆಗೆ ತಮಗಿಂತ ಎಷ್ಟೋ ಮೇಲಿದ್ದ ಒಮಾನ್ ಜೊತೆ 1-1, ಶೂಟೌಟ್‌ನಲ್ಲಿ 3-2 ಗೆಲುವು. ಮೂರನೇ ಸ್ಥಾನ.

ಇಷ್ಟು ಚೆನ್ನಾಗಿ ಆಡಿದ ತಂಡ ಮುಂದಿನ ತಿಂಗಳೇ ಗೋವಾದಲ್ಲಿ ಸಿಂಗಾಪುರ ಎದುರು 1-2ರಿಂದ ಸೋತು 2027ರ ಏಷ್ಯನ್ ಕಪ್ ದಾರಿ ಮುಚ್ಚಿಕೊಂಡಿತು. ಹಾಗಾಗಿ ಆಹ್ವಾನಿತ ಟೂರ್ನಿ ಎಲ್ಲ ರೋಗಕ್ಕೂ ಮದ್ದು ಅಂತ ಯಾರೂ ಹೇಳೋಕಾಗಲ್ಲ. ಆದರೆ ಈಗಿನ ಸ್ಥಿತಿ ಯೋಚಿಸಿ. 2026ರ ವಿಶ್ವಕಪ್ ಅರ್ಹತೆ ಜೂನ್ 2024ರಲ್ಲೇ ಮುಗಿದಿತ್ತು. ಈಗ ಏಷ್ಯನ್ ಕಪ್ ಕೂಡ ಇಲ್ಲ. ತೂಕ 25ರ ಪಂದ್ಯಗಳು ಸದ್ಯಕ್ಕೆ ಸಿಗಲ್ಲ. ಉಳಿದಿರೋದು ಇಂಥ ಕರೆಯೋಲೆಗಳೇ.

ಹೋಗೋದಾದರೆ ಏನು ನೋಡಿ ಹೋಗಬೇಕು? ನನ್ನ ಪ್ರಕಾರ ಮೂರು. ಒಂದು, ಟೂರ್ನಿ ಪೂರ್ತಿ ವಿಂಡೋ ಒಳಗೇ ಇರಬೇಕು, ಆಗ ಮಾತ್ರ ಪೂರ್ಣ ತಂಡ ಸಿಗುತ್ತೆ. ಎರಡು, ಎದುರಾಳಿಗಳು ನಮಗಿಂತ ಸ್ವಲ್ಪ ಮೇಲಿರಬೇಕು. ಮೂರು, ಯಾರಾದರೂ ಹಿಂದೆ ಸರಿದರೆ ಬದಲಿ ಪಂದ್ಯ ಯಾರ ಜೊತೆ ಅಂತ ಮೊದಲೇ ಮಾತಾಗಿರಬೇಕು.

ಇನ್ನೊಂದು ಮಾತು ಸೇರಿಸಿಬಿಡ್ತೀನಿ. 2023ರ ಆ ಮಲೇಷ್ಯಾ ಪಂದ್ಯದಲ್ಲಿ ಸುನಿಲ್ ಚೆಟ್ರಿ ಗೋಲು ಹೊಡೆದು ಅಂತರ 3-2ಕ್ಕೆ ಇಳಿಸಿದ ಸ್ವಲ್ಪ ಹೊತ್ತಿಗೆ ಛಾಂಗ್ಟೆ ಹೊಡೆದ ಚೆಂಡು ಗೆರೆ ದಾಟಿತ್ತು. ರೆಫರಿ ಗೋಲು ಕೊಡಲಿಲ್ಲ. ವಿಎಆರ್ ಇರಲಿಲ್ಲ. 3-3 ಆಗಬೇಕಿದ್ದದ್ದು ಕೆಲವೇ ನಿಮಿಷದಲ್ಲಿ 4-2 ಆಯಿತು. ಮೂರರ ಜೊತೆ ನಾಲ್ಕನೇ ಷರತ್ತಾಗಿ ವಿಎಆರ್ ಇದೆಯಾ ಅಂತಾನೂ ಕೇಳಬಹುದು.

ಮಲೇಷ್ಯಾ ಅಂತೂ ಕಲಿತಿದೆ. 2024ರಲ್ಲಿ ಫಿಲಿಪ್ಪೀನ್ಸ್, ಲೆಬನಾನ್, ತಜಿಕಿಸ್ತಾನಗಳನ್ನು ಕರೆದು, ಫೈನಲ್‌ನಲ್ಲಿ ಲೆಬನಾನ್ ಎದುರು 1-0ರಿಂದ ಗೆದ್ದು, ಕಪ್ ಮನೇಲೇ ಇಟ್ಟುಕೊಂಡಿತು.

ಈಗ ನಿಮ್ಮ ಸರದಿ. ಭಾರತವೇ ಬೆಂಗಳೂರಲ್ಲಿ ಇಂಥದ್ದೊಂದು ಟೂರ್ನಿ ಮಾಡಿದರೆ ಯಾವ ಮೂರು ತಂಡಗಳನ್ನು ಕರೀಬೇಕು? ಯಾಕೆ? ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ. ಪಾಯಿಂಟ್ ಲೆಕ್ಕ ಹಾಕಿ ಕಳಿಸಿದವರದ್ದು ಮುಂದಿನ ಎಪಿಸೋಡ್‌ನಲ್ಲಿ ಮೊದಲು ಹಾಕ್ತೀನಿ. ಸಿಗೋಣ.